ಹೊತ್ತು ನೋಡಿ ಹೊರಡಿ: ಬೆಂಗಳೂರಿನ ಅಪರೂಪದ ಹೋಟೆಲುಗಳು, ಕಣ್ತಪ್ಪುವ ಜಾಗಗಳು

ಬೆಂಗಳೂರಿನಲ್ಲಿ ಬೇರೆಲ್ಲೂ ಇಲ್ಲದಂಥ ಹೋಟೆಲು ಯಾವುದು, ಜನ ಹೆಚ್ಚಾಗಿ ನೋಡದ ಜಾಗ ಯಾವುದು ಅಂತ ಕೇಳಿದವರಿಗೆ ಒಂದಷ್ಟು ಹೆಸರು ಬರೆದುಕೊಡುವುದು ಸುಲಭ. ಆದರೆ ಬರೀ ಹೆಸರು ಹಿಡಿದು ಹೊರಟವರು ಎಷ್ಟೋ ಸಲ ಮುಚ್ಚಿದ ಬಾಗಿಲು ನೋಡಿಕೊಂಡು ವಾಪಸ್ ಬರುತ್ತಾರೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ (ಮಾವಳ್ಳಿ ಟಿಫಿನ್ ರೂಮ್ಸ್) ಸೋಮವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಹಳೇ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಮಾಂಸದೂಟದ ಮಿಲಿಟರಿ ಹೋಟೆಲಿನಲ್ಲಿ ಬಿರಿಯಾನಿ ಖಾಲಿಯಾದರೆ ಅವತ್ತಿನ ವ್ಯಾಪಾರವೇ ಮುಗಿಯಿತು.

ಈ ಜಾಗಗಳ ವಿಶೇಷ ಇರುವುದೇ ಇಲ್ಲಿ. ನಾಲ್ಕೈದು ಪದಾರ್ಥ ಮಾಡುತ್ತವೆ, ಅದನ್ನೇ ದಶಕಗಟ್ಟಲೆ ಮಾಡುತ್ತವೆ, ಮುಗಿದ ಮೇಲೆ ಬಾಗಿಲು ಹಾಕುತ್ತವೆ. ನಮ್ಮ ಅನುಕೂಲಕ್ಕೆ ಅವು ಬದಲಾಗುವುದಿಲ್ಲ, ನಾವೇ ಅವುಗಳ ಹೊತ್ತಿಗೆ ಹೊಂದಿಕೊಳ್ಳಬೇಕು. ಹಾಗಾಗಿ ಈ ಬರಹದಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಯಾವಾಗ, ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದೇ ಜಾಸ್ತಿ.

ಹೊರಡುವ ಮುಂಚೆ

ಒಂದು ಬೆಳಿಗ್ಗೆಗೆ ಒಂದೇ ಬಡಾವಣೆ ಇಟ್ಟುಕೊಳ್ಳಿ. ಬಸವನಗುಡಿಯಲ್ಲಿ ದೋಸೆ ತಿಂದು, ಮಲ್ಲೇಶ್ವರದಲ್ಲಿ ಇಡ್ಲಿ ತಿಂದು, ಮಧ್ಯಾಹ್ನ ಜಯನಗರಕ್ಕೆ ಓಡುತ್ತೇನೆ ಅಂದರೆ ಇಡೀ ದಿನ ಟ್ರಾಫಿಕ್ಕಿನಲ್ಲೇ ಕಳೆದುಹೋಗುತ್ತದೆ.

ಕಾರು ಬೇಡ, ಮೆಟ್ರೊ ಹಿಡಿಯಿರಿ. ಹಸಿರು ಮಾರ್ಗವೊಂದೇ ಸಾಕು: ಲಾಲ್‌ಬಾಗ್, ನ್ಯಾಷನಲ್ ಕಾಲೇಜ್, ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ, ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ. ಹಳೇ ಬೆಂಗಳೂರಿನ ಬಹುಪಾಲು ಈ ಐದು ನಿಲ್ದಾಣಗಳ ಸುತ್ತ ನಡೆದು ಹೋಗುವಷ್ಟು ದೂರದಲ್ಲಿದೆ.

ಮೂರು ಜನ ಇದ್ದರೆ ಎರಡು ಪ್ಲೇಟ್ ಹೇಳಿ. ಕಾಫಿ ಬೈಟು. ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡರೆ ಮಾತ್ರ ಎರಡನೇ ಹೋಟೆಲು. ದೇವಸ್ಥಾನಗಳು ದಾರಿಯುದ್ದಕ್ಕೂ ಸಿಗುವುದರಿಂದ ಸುಲಭವಾಗಿ ಬಿಚ್ಚುವ ಚಪ್ಪಲಿ ಒಳ್ಳೆಯದು. ಜೇಬಿನಲ್ಲಿ ಸ್ವಲ್ಪ ಚಿಲ್ಲರೆ ಇರಲಿ. ರಜೆ, ಸಮಯ ಬದಲಾಗುತ್ತಿರುತ್ತವೆ. ಹಿಂದಿನ ದಿನ ಒಂದು ಫೋನ್ ಮಾಡಿ ಕೇಳಿಬಿಡಿ. ಮ್ಯಾಪಿನಲ್ಲಿ ತೋರಿಸುವ ವೇಳೆಯನ್ನು ಪೂರ್ತಿ ನಂಬಬೇಡಿ, ಅದರಲ್ಲೂ ಹಬ್ಬದ ವಾರದಲ್ಲಿ.

ಲಾಲ್‌ಬಾಗಿನ ಬಂಡೆ, ಪಕ್ಕದಲ್ಲೇ ರವೆ ಇಡ್ಲಿ

ಲಾಲ್‌ಬಾಗ್ ನೋಡದವರು ಯಾರಿದ್ದಾರೆ ಅಂತೀರಾ? ನಿಜ, ಆದರೆ ಹೆಚ್ಚಿನವರು ನೋಡುವುದು ಗಾಜಿನ ಮನೆ, ಕೆರೆ, ಆಮೇಲೆ ಐಸ್‌ಕ್ರೀಮು. ಗುಡ್ಡದ ಮೇಲಿನ ಕೆಂಪೇಗೌಡರ ಗೋಪುರದ ಹತ್ತಿರ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಅವರು ತುಳಿದು ಹೋದ ಆ ಬಂಡೆಯೇ ಲಾಲ್‌ಬಾಗಿನಲ್ಲಿ ಎಲ್ಲಕ್ಕಿಂತ ಹಳೆಯದು. ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ.

ಬೆಳಿಗ್ಗೆ ಆರು, ಆರೂವರೆಗೆ ಹೋಗಿ. ಮೆಟ್ರೊ ಇಳಿದು ಪಶ್ಚಿಮದ ಬಾಗಿಲಿನಿಂದ ಒಳಗೆ ಹೋಗಿ ತೋಟ ದಾಟಿಕೊಂಡು ಗುಡ್ಡಕ್ಕೆ ಬನ್ನಿ. ಓರೆ ಬಿಸಿಲು ಬೀಳುವಾಗ ಬಂಡೆಯ ಮೇಲೆ ಬಗ್ಗಿ ನೋಡಿದರೆ ಬಿಳಿ, ಬೂದು, ಕಪ್ಪು ಪಟ್ಟೆಗಳು ಬಳುಕಿಕೊಂಡು ಹೋಗಿರುವುದು ಕಾಣುತ್ತದೆ. ಭೂಮಿಯ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮೆತ್ತಗಾಗಿ ಮಡಿಚಿಕೊಂಡಿದ್ದರ ಗುರುತು ಅದು. ನೆತ್ತಿಯ ಮೇಲೆ ಬಿಸಿಲು ಬಂದಾಗ ಹೋದರೆ ಬರೀ ಬೂದು ಬಂಡೆ ಕಾಣುತ್ತದೆ, ಕಾಲೂ ಸುಡುತ್ತದೆ.

ಅಲ್ಲಿಂದ ಮುಖ್ಯ ದ್ವಾರದ ಕಡೆ ಹೊರಬಂದರೆ ಮಾವಳ್ಳಿಯ ಎಂಟಿಆರ್ ಹತ್ತಿರದಲ್ಲೇ ಇದೆ. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು. ಈಗಿರುವ ಕಟ್ಟಡಕ್ಕೆ ಬಂದಿದ್ದು 1960ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಅಂತ ಎಂಟಿಆರ್‌ನವರು ಹೇಳುತ್ತಾರೆ. ಇಲ್ಲಿ ಮೊದಲು ಹೇಳಬೇಕಾದದ್ದೂ ಅದೇ. ಆಲೂಗಡ್ಡೆ ಸಾಗು, ಚಟ್ನಿ, ತುಪ್ಪದ ಜೊತೆ ಬರುತ್ತದೆ. ತುಪ್ಪವನ್ನು ಬಿಸಿ ಇರುವಾಗಲೇ ಇಡ್ಲಿ ಮೇಲೆ ಸುರಿದುಕೊಳ್ಳಿ. ಕಾಫಿ ಬೆಳ್ಳಿ ಲೋಟದಲ್ಲಿ.

ವಾರಾಂತ್ಯದಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ. ಹೋದ ತಕ್ಷಣ ಹೆಸರು ಬರೆಸಿ, ಆಮೇಲೆ ಗೋಡೆಯ ಹಳೇ ಫೋಟೊ ನೋಡುತ್ತಾ ನಿಲ್ಲಿ. ಮಂಗಳವಾರದಿಂದ ಗುರುವಾರದೊಳಗೆ ಬೆಳಿಗ್ಗೆ ಬೇಗ ಹೋದರೆ ಕಾಯುವ ಕಷ್ಟ ಕಡಿಮೆ.

ಬಸವನಗುಡಿ: ಮೂರು ಗಂಟೆ ಸಾಕು, ಅವಸರ ಬೇಡ

ಇದಕ್ಕೆ ಬೇರೆಯೇ ಒಂದು ಬೆಳಿಗ್ಗೆ ಇಡಿ. ಶುಕ್ರವಾರ, ಭಾನುವಾರ ಬಿಟ್ಟು ಯಾವ ದಿನವಾದರೂ ಆಗಬಹುದು. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿಯಿರಿ.

ಮೊದಲು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇರುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಅಷ್ಟೇ. ದೋಸೆ ಇಲ್ಲ, ಸಾಂಬಾರ್ ಇಲ್ಲ, ಕೂರುವುದಕ್ಕೆ ಟೇಬಲ್ಲೂ ಇಲ್ಲ. ಇಡ್ಲಿ ಮೇಲೆ ಚಟ್ನಿಯನ್ನು ಹಾಕುವುದಲ್ಲ, ಸುರಿಯುತ್ತಾರೆ. ತಟ್ಟೆ ತುಂಬಾ ಹಸಿರು ಬಿಳಿ ಚಟ್ನಿ, ಮಧ್ಯದಲ್ಲಿ ಎರಡು ಇಡ್ಲಿ ಅರ್ಧ ಮುಳುಗಿರುತ್ತವೆ. ಮುಗಿದರೆ ಮತ್ತೆ ತಟ್ಟೆ ಹಿಡಿಯಿರಿ, ಮತ್ತೆ ಸುರಿಯುತ್ತಾರೆ. ವಡೆಯನ್ನು ಮುರಿದು ಎರಡು ನಿಮಿಷ ಆ ಚಟ್ನಿಯಲ್ಲೇ ಬಿಡಿ. ಸಾಂಬಾರ್ ಯಾಕಿಲ್ಲ ಅನ್ನುವ ಪ್ರಶ್ನೆ ಆಮೇಲೆ ನಿಮಗೆ ಬರುವುದಿಲ್ಲ. ಪಕ್ಕದಲ್ಲಿ ಸ್ಕೂಟರಿಗೆ ಒರಗಿ ನಿಂತವರು, ಕಟ್ಟೆ ಮೇಲೆ ಪೇಪರ್ ಓದುತ್ತಾ ಕಾಫಿ ಕುಡಿಯುವವರು ಎಲ್ಲಾ ಇರುತ್ತಾರೆ. ತಿಂದಾದ ಮೇಲೆ ಬೇರೆಯವರಿಗೆ ಜಾಗ ಬಿಡಿ. ತಟ್ಟೆಯನ್ನು ಕಂಡವರ ಕಾರಿನ ಮೇಲೆ ಇಟ್ಟು ಹೋಗಬೇಡಿ.

ಅಲ್ಲಿಂದ ಗವಿಪುರಕ್ಕೆ ಆಟೊ ಹಿಡಿಯಿರಿ, ಅಥವಾ ನಡೆಯಿರಿ. ಗವಿಗಂಗಾಧರೇಶ್ವರ ದೇವಸ್ಥಾನವನ್ನು ಬಂಡೆಯನ್ನೇ ಕೊರೆದು ಮಾಡಿದ್ದಾರೆ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವ ಸಂಗತಿ ಎಲ್ಲರಿಗೂ ಗೊತ್ತು, ಟಿವಿಯಲ್ಲೂ ಬರುತ್ತದೆ. ಅವತ್ತು ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಬೇರೆ ದಿನ ಹೋದರೆ ನಿಧಾನವಾಗಿ ನೋಡಬಹುದಾದದ್ದು ಎರಡಿವೆ. ಅಂಗಳದಲ್ಲಿ ನಿಂತಿರುವ ಸೂರ್ಯಪಾನ, ಚಂದ್ರಪಾನ ಅನ್ನುವ ದೊಡ್ಡ ಕಲ್ಲಿನ ಬಿಲ್ಲೆಗಳು ಒಂದು. ಒಳಗಿರುವ ಅಗ್ನಿಯ ವಿಗ್ರಹ ಇನ್ನೊಂದು. ಎರಡು ತಲೆ, ಏಳು ಕೈ, ಮೂರು ಕಾಲು. ಅಗ್ನಿಗೆ ಪೂಜೆ ನಡೆಯುವ ಇಂಥ ಮೂರ್ತಿ ನೋಡಸಿಗುವುದೇ ಅಪರೂಪ. ಗವಿಯೊಳಗಿನ ಪ್ರದಕ್ಷಿಣೆ ಹಾದಿಯಲ್ಲಿ ಸೂರು ತೀರಾ ಕೆಳಗಿದೆ, ಎತ್ತರ ಇರುವವರು ತಲೆ ಜೋಪಾನ.

ಕೊನೆಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ. 1943ರಲ್ಲಿ ಆಚೀಚಿನ ಶಾಲೆ ಕಾಲೇಜಿನ ಹುಡುಗರಿಗಾಗಿ ಶುರುವಾಗಿದ್ದು. ಗೋಡೆ ಮೇಲೆ ಕನ್ನಡದ ದೊಡ್ಡವರ ರೇಖಾಚಿತ್ರಗಳಿವೆ. ಅವರಲ್ಲಿ ಕೆಲವರು ಇದೇ ಹೋಟೆಲಿಗೆ ಬರುತ್ತಿದ್ದವರು. ಇಲ್ಲಿಯ ಮಸಾಲೆ ದೋಸೆ ದಪ್ಪ, ಕೆಂಪಗೆ ಗರಿಗರಿ, ಜೊತೆಗೆ ನೀರಾದ ಚಟ್ನಿ. ಬಡಿಸುವವರು ಒಂದು ಕೈಯಲ್ಲಿ ತಟ್ಟೆಯ ಮೇಲೆ ತಟ್ಟೆ ಜೋಡಿಸಿ, ಮೊಣಕೈವರೆಗೂ ದೋಸೆ ಹೊತ್ತು, ಟೇಬಲ್ಲುಗಳ ನಡುವೆ ಒಂದೂ ಜಾರದಂತೆ ನುಸುಳಿ ಬರುತ್ತಾರೆ. ಅವರು ಒಳಗಿನಿಂದ ಹೊರಡುವುದು ಕಾಣುವಂತೆ ಕೂರುವ ಜಾಗ ಸಿಕ್ಕರೆ ಬಿಡಬೇಡಿ. ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿ ಮತ್ತೆ ತೆರೆಯುತ್ತಾರೆ. ಆ ಮಧ್ಯಾಹ್ನದ ಸರದಿಯ ಶುರುವಿನಲ್ಲಿ ಸಾಲು ಸಾಮಾನ್ಯವಾಗಿ ಚಿಕ್ಕದು. ಹೊರಡುವಾಗ ಅದೇ ಬೀದಿಯ ಸುಬ್ಬಮ್ಮ ಅಂಗಡಿಯಲ್ಲಿ ಹಪ್ಪಳ, ಚಟ್ನಿಪುಡಿ, ಕೋಡುಬಳೆ ಕಟ್ಟಿಸಿಕೊಳ್ಳಿ. ಅದು 1948ರಿಂದ ಇದೆ.

ಸಂಜೆ ಉಳಿದುಕೊಳ್ಳುವ ಹಾಗಿದ್ದರೆ ಸಜ್ಜನರಾವ್ ವೃತ್ತದ ತಿಂಡಿ ಬೀದಿ ಹತ್ತಿರದಲ್ಲೇ ಇದೆ. ಅಲ್ಲಿ ಈಗ ಎಲ್ಲಾ ಊರಿನ ಎಲ್ಲಾ ತಿಂಡಿಯೂ ಸಿಗುತ್ತದೆ. ಅದರಲ್ಲಿ ಬಹಳಷ್ಟು ಬೇರೆ ಕಡೆಯೂ ಸಿಗುವಂಥದ್ದೇ ಅನ್ನುವುದು ನನ್ನ ಅಭಿಪ್ರಾಯ. ಆದರೆ 1953ರ ವಿ.ಬಿ. ಬೇಕರಿಯ ಖಾರಾ ಬನ್ನು, ಕಾಂಗ್ರೆಸ್ ಕಡಲೆಕಾಯಿ (ಖಾರ ಮಸಾಲೆ ಹಚ್ಚಿದ ಕಡಲೆಬೀಜ) ಮಾತ್ರ ತಪ್ಪಿಸಬೇಡಿ.

ಪೇಟೆ: ಸೂರ್ಯ ಹುಟ್ಟುವಾಗ ಒಳಗೆ, ಹತ್ತು ಗಂಟೆಗೆ ಹೊರಗೆ

ನನ್ನನ್ನು ಕೇಳಿದರೆ ಬೆಂಗಳೂರಿನಲ್ಲಿ ನಿಜವಾಗಿ ಅಡಗಿರುವ ಜಾಗ ಪೇಟೆ, ಅಂದರೆ ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ ಸುತ್ತಿನ ಹಳೇ ಊರು. ಲಕ್ಷಾಂತರ ಜನ ಓಡಾಡುವ ಕಡೆಯೇ ಅಡಗಿದೆ. ಮದುವೆ ಸೀರೆಗೆ ಬಂದವರು ಸೀರೆ ಕೊಂಡು ಹೋಗುತ್ತಾರೆ, ತಲೆ ಎತ್ತಿ ನೋಡುವುದಿಲ್ಲ. ತಲೆ ಎತ್ತಿದರೆ ಬೋರ್ಡುಗಳ ಹಿಂದೆ ಹಳೇ ಮನೆಗಳ ಮರದ ಕಂಬ, ಕಟಾಂಜನ ಅಲ್ಲಲ್ಲಿ ಇನ್ನೂ ಉಳಿದಿವೆ.

ವಾರದ ದಿನ ಬೆಳಿಗ್ಗೆ ಆರಕ್ಕೆ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನೇರ ಹೂವಿನ ಮಾರುಕಟ್ಟೆಗೆ ಹೋಗಿ. ಕೆಳಗೆ ನಿಂತರೆ ತಳ್ಳಾಟದಲ್ಲಿ ಏನೂ ಕಾಣುವುದಿಲ್ಲ. ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿನಿಂದ ಕೆಳಗೆ ನೋಡಿ. ಚೆಂಡು ಹೂವಿನ ಹಳದಿ, ಕನಕಾಂಬರದ ಕೇಸರಿ, ಸುಗಂಧರಾಜದ ಬಿಳಿ ರಾಶಿಗಳ ನಡುವೆ ಮೂಟೆ ಹೊತ್ತವರು "ಸೈಡ್, ಸೈಡ್" ಅಂತ ಕೂಗಿಕೊಂಡು ದಾರಿ ಮಾಡಿಕೊಳ್ಳುತ್ತಿರುತ್ತಾರೆ. ಅವರು ದುಡಿಯುತ್ತಿರುವವರು. ಫೋಟೊಗಾಗಿ ದಾರಿಗೆ ಅಡ್ಡ ನಿಲ್ಲಬೇಡಿ, ಹತ್ತಿರದಿಂದ ತೆಗೆಯುವುದಾದರೆ ಒಂದು ಮಾತು ಕೇಳಿ. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದಾಗ ಬೀದಿ ದೀಪ ಮೊದಲು ಹೊತ್ತಿದ್ದು ಈ ಸುತ್ತಿನಲ್ಲೇ.

ಅಲ್ಲಿಂದ ಹತ್ತಿರದಲ್ಲೇ ಕೋಟೆ. ವಾಣಿವಿಲಾಸ ಆಸ್ಪತ್ರೆ ಪಕ್ಕದಲ್ಲಿ ಎಷ್ಟೋ ಜನ ದಿನಾ ಬಸ್ಸಿನಲ್ಲಿ ಕೂತು ಹಾದುಹೋಗುತ್ತಾರೆ, ಒಳಗೆ ಹೋದವರು ಕಡಿಮೆ. ಕೆಂಪೇಗೌಡರ ಕಾಲದ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನದಾಗಿ ಕಟ್ಟಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲಿನ ಭಾಗ ಮಾತ್ರ. ಕಮಾನುಗಳ ಸುತ್ತ ಇರುವ ಕೆತ್ತನೆ ನೋಡಿ, ಆಮೇಲೆ ಗೋಡೆಯಲ್ಲಿರುವ ಫಲಕ ಹುಡುಕಿ. 1791ರ ಮಾರ್ಚ್ 21ರಂದು ಇಂಗ್ಲಿಷರು ಇಲ್ಲಿ ಗೋಡೆ ಒಡೆದು ನುಗ್ಗಿದ್ದನ್ನು ಅದರಲ್ಲಿ ಬರೆದಿದ್ದಾರೆ. ಅದೇ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ ಸ್ವಲ್ಪ ಮುಂದಿದೆ. ತೇಗದ ಕಂಬಗಳ ತಂಪಾದ ಕಟ್ಟಡ. ಅದಕ್ಕೆ ಅಂಟಿಕೊಂಡಂತೆ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಸ್ಥಾನ. ಎರಡನ್ನೂ ಒಟ್ಟಿಗೇ ನೋಡಿ.

ಈಗ ಹಸಿವಾಗಿರುತ್ತದೆ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದಂಗಡಿಗಳನ್ನು ದಾಟಿಕೊಂಡು ಚಿಕ್ಕಪೇಟೆ ಸೇರುವ ಕೂಡುರಸ್ತೆಗೆ ಬನ್ನಿ. ಅವೆನ್ಯೂ ರಸ್ತೆಯ ಹಳೇ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ಇದೇ ಕೂಡುರಸ್ತೆಯಿಂದ ನಾಲ್ಕು ಜೊತೆ ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿದರು, ನೇಗಿಲ ಗೆರೆಯೇ ಬೀದಿಯಾಯಿತು ಅನ್ನುವ ಕಥೆ ಇದೆ. ಅಲ್ಲಿಂದ ಬಳೇಪೇಟೆಗೆ ಹೋದರೆ ಉಡುಪಿ ಶ್ರೀ ಕೃಷ್ಣ ಭವನ, 1926ರದ್ದು. ಇಲ್ಲಿ ಸಾಗು ದೋಸೆ ಹೇಳಿ. ಆಲೂಗಡ್ಡೆ ಪಲ್ಯದ ಬದಲು ತರಕಾರಿ ಸಾಗು ಇರುತ್ತದೆ. ಪೇಟೆಯ ವ್ಯಾಪಾರಿಗಳು ಅಂಗಡಿ ತೆರೆಯುವ ಮುಂಚೆ ತಿಂಡಿಗೆ ಬರುವ ಹೋಟೆಲು ಇದು. ಟೇಬಲ್ ಹಂಚಿಕೊಂಡು ಕೂರಬೇಕು, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ತಿಂಡಿ ಆದ ಮೇಲೆ ಬಳೇಪೇಟೆಯ ವಾದ್ಯದಂಗಡಿಗಳಿಗೆ ಒಂದು ಸುತ್ತು ಹಾಕಿ. ವೀಣೆ, ಮೃದಂಗ, ತಬಲಾ, ನಾಗಸ್ವರ ಎಲ್ಲಾ ಇಲ್ಲಿ ಸಿಗುತ್ತವೆ. ಕೆಲವು ಕಡೆ ರಿಪೇರಿ ನಿಮ್ಮ ಕಣ್ಣೆದುರೇ ನಡೆಯುತ್ತದೆ. ಕೊಳ್ಳದಿದ್ದರೂ ಸುಮ್ನೆ ವಿಚಾರಿಸಿದರೆ ಪ್ರೀತಿಯಿಂದ ಹೇಳುತ್ತಾರೆ, ಆದರೆ ಗಿರಾಕಿ ಇಲ್ಲದ ಹೊತ್ತು ನೋಡಿ ಕೇಳಿ. ಹತ್ತೂವರೆ ಆದಮೇಲೆ ಪೇಟೆಯಲ್ಲಿ ನಡೆಯುವುದು ಕಷ್ಟ. ಚಿಕ್ಕಪೇಟೆ ಮೆಟ್ರೊ ಹತ್ತಿ ಹೊರಡಿ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಹಳೇ ಕಟ್ಟಡ ನೋಡುವುದಷ್ಟೇ ಉದ್ದೇಶವಾದರೆ ಆ ದಿನವೇ ವಾಸಿ.

ಮಲ್ಲೇಶ್ವರ

1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ನೆಲೆಸಿ ಬೆಳೆದ ಬಡಾವಣೆ ಇದು, ಬಸವನಗುಡಿಯೂ ಹಾಗೆಯೇ. ಇಲ್ಲಿಗೆ ನಾಲ್ಕು ಗಂಟೆ ಮೇಲೆ ಹೋಗಿ. ದೇವಸ್ಥಾನ, ಹೋಟೆಲು ಎರಡೂ ತೆರೆದಿರುವ ಹೊತ್ತು ಅದು.

ಕಾಡು ಮಲ್ಲೇಶ್ವರ ದೇವಸ್ಥಾನದ ಎದುರುಗಡೆ ನಂದಿ ತೀರ್ಥ ಇದೆ. 1997ರವರೆಗೆ ಅದು ಮಣ್ಣಿನಡಿ ಇತ್ತು. ನೆಲ ಅಗೆಯುವಾಗ ಇಡೀ ಕಲ್ಯಾಣಿ, ಕಲ್ಲು ಮಂಟಪ, ನಂದಿ ಸಿಕ್ಕವು. ನಂದಿಯ ಬಾಯಿಂದ ನೀರು ಬಂದು ಕೆಳಗಿನ ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹರಿಯುತ್ತದೆ. ಇಷ್ಟು ಜನ ಓಡಾಡುವ ಬೀದಿಯ ಕೆಳಗೆ ಅಷ್ಟು ಕಾಲ ಯಾರಿಗೂ ಕಾಣದಂತೆ ಇತ್ತಲ್ಲ ಅನ್ನುವುದೇ ನನಗೆ ಇವತ್ತಿಗೂ ಸೋಜಿಗ.

ನೋಡಿ ಮುಗಿಸಿ ಹದಿನೈದನೇ ಅಡ್ಡರಸ್ತೆಯ ವೀಣಾ ಸ್ಟೋರ್ಸ್‌ನಲ್ಲಿ ನಿಂತುಕೊಂಡೇ ಇಡ್ಲಿ ತಿನ್ನಿ. ಇನ್ನೂ ಹಸಿವಿದ್ದರೆ ಮಾರ್ಗೋಸಾ ರಸ್ತೆ ಹಿಡಿದು ಏಳನೇ ಅಡ್ಡರಸ್ತೆಯ ಸಿಟಿಆರ್‌ಗೆ ಬೆಣ್ಣೆ ಮಸಾಲೆಗೆ ಹೋಗಿ. ಬೋರ್ಡಿನಲ್ಲಿ ಶ್ರೀ ಸಾಗರ್ ಅಂತ ಇದೆ, ಗೊಂದಲ ಬೇಡ.

ಸಂಪಿಗೆ ರಸ್ತೆಯಲ್ಲಿ ಸುಮಾರು ಎಪ್ಪತ್ತು ವರ್ಷ ನಡೆದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಕೊನೆಯ ದಿನಗಳಲ್ಲಿ ಬೀದಿಯಲ್ಲಿ ಸಾಲು ನಿಂತಿತ್ತು. ಮುಂದಿನ ವಾರ ಹೋಗೋಣ ಅಂದುಕೊಂಡೇ ಇದ್ದವರಿಗೆ ಮುಂದಿನ ವಾರ ಬರಲೇ ಇಲ್ಲ. ಅದಕ್ಕೇ ಹೇಳುವುದು, ಈ ಹೋಟೆಲುಗಳಿಗೆ ಒಂದು ಸಲ ಫೋಟೊಗಾಗಿ ಹೋಗಿ ಬಿಡಬೇಡಿ. ಮಾಮೂಲಿ ದಿನವೂ ಹೋಗಿ, ತಿಂದು, ದುಡ್ಡು ಕೊಟ್ಟು ಬನ್ನಿ.

ಮಾಂಸದೂಟದವರಿಗೆ

ಮಿಲಿಟರಿ ಹೋಟೆಲು ಬೆಂಗಳೂರಿನದೇ ಒಂದು ಪರಂಪರೆ. ಬಹಳಷ್ಟನ್ನು ಶುರು ಮಾಡಿದ್ದು ಇಲ್ಲಿ ನೆಲೆಸಿದ ಮರಾಠಾ ಕುಟುಂಬಗಳು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿಗೆ ವಾರದ ದಿನ ಹನ್ನೆರಡೂವರೆಯೊಳಗೆ ಹೋಗಿ ದೊನ್ನೆ ಬಿರಿಯಾನಿ ಹೇಳಿ. ಸಣ್ಣ ಕಾಳಿನ ಜೀರಾ ಸಾಂಬಾ ಅಕ್ಕಿ, ಪುದೀನ ಕೊತ್ತಂಬರಿಯ ಹಸಿರು ಮಸಾಲೆ. ಹೈದರಾಬಾದಿನ ಬಿರಿಯಾನಿಗೆ ಹೋಲಿಸಿ ನೋಡಬೇಡಿ, ಇದರ ದಾರಿಯೇ ಬೇರೆ. ಮುದ್ದೆ ಇಷ್ಟವಿರುವವರು ಮುದ್ದೆ, ಕಾಲು ಸೂಪು ಹೇಳಿದರೆ ಊಟ ಪೂರ್ತಿ. ನಸುಕಿನಲ್ಲೇ ಬಿರಿಯಾನಿ ತಿನ್ನುವ ಹುಚ್ಚು ಇದ್ದರೆ ಹೊಸಕೋಟೆ ಇದೆ. ಭಾನುವಾರ ಬೆಳಕು ಹರಿಯುವ ಮುಂಚೆಯೇ ಅಲ್ಲಿ ಸಾಲು ನಿಂತಿರುತ್ತದೆ.

ಕಲ್ಲುಗಳು, ಮೆದುಳುಗಳು

ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ನಿಜವಾದ ಮನುಷ್ಯರ ಮೆದುಳುಗಳನ್ನು ಅಲ್ಲಿ ಕಾಪಾಡಿದ್ದಾರೆ. ವಿವರಿಸುವವರು ಇರುತ್ತಾರೆ, ಮೆದುಳನ್ನು ಕೈಯಲ್ಲಿ ಹಿಡಿದು ನೋಡಲೂ ಬಿಡುತ್ತಾರೆ. ಪಾರ್ಶ್ವವಾಯು, ಗೆಡ್ಡೆ, ಅಪಘಾತದ ಪೆಟ್ಟು ಮೆದುಳಿಗೆ ಏನು ಮಾಡುತ್ತವೆ ಅಂತ ಕಣ್ಣಾರೆ ನೋಡಿದ ಮೇಲೆ ಹೆಲ್ಮೆಟ್ ಹಾಕಿಕೋ ಅಂತ ಮನೆಯ ಹುಡುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಅನ್ನುವುದನ್ನು ನಿಮ್ಹಾನ್ಸ್ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ತೀರಾ ಚಿಕ್ಕ ಮಕ್ಕಳು ಬೇಡ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನ ಇದೆ, ಕ್ರಿ.ಶ. 949-50ರದ್ದು. ಕಾಳಿ ಅನ್ನುವ ನಾಯಿಯ ನೆನಪಿಗೆ ಹಾಕಿಸಿದ ವೀರಗಲ್ಲು. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಈ ನಾಯಿಯನ್ನು. ಅದು ಕಾಡುಹಂದಿಯ ಜೊತೆ ಹೋರಾಡಿ, ಹಂದಿಯೂ ನಾಯಿಯೂ ಎರಡೂ ಸತ್ತವು. ಕಲ್ಲಿನಲ್ಲಿ ನಾಯಿ, ಹಂದಿ ಎದುರುಬದುರಾಗಿ ಕಾದಾಡುತ್ತಿವೆ. ರಿಪೇರಿಗಾಗಿ ಮ್ಯೂಸಿಯಂ ಮುಚ್ಚಿರುವುದುಂಟು, ವಿಚಾರಿಸಿ ಹೋಗಿ.

ಇದಕ್ಕಿಂತ ಹಳೆಯದು ಹೆಬ್ಬಾಳದಲ್ಲಿದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂತು. ಆಮೇಲೆ ಊರಿನವರೂ ಇತಿಹಾಸದ ಆಸಕ್ತರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಇನ್ನೊಂದು ಕಲ್ಲಿದೆ, ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಕೆಂಪೇಗೌಡರಿಗಿಂತ ಆರು ಶತಮಾನದ ಮುಂಚೆಯೇ ಈ ಹೆಸರಿನ ಊರೊಂದು ಇತ್ತು, ಬೆಂದಕಾಳೂರಿನ ಕಥೆ ಆಮೇಲಿನದು ಅನ್ನುವುದಕ್ಕೆ ಈ ಕಲ್ಲೇ ಸಾಕ್ಷಿ. ಹಳದಿ ಮಾರ್ಗದ ಹೊಂಗಸಂದ್ರದಲ್ಲಿ ಇಳಿದು ಆಟೊ ಹಿಡಿಯಿರಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತದೆ. ಅಕ್ಷರದ ಮೇಲೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ. ಓದಲು ಆಗದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಸಾಕು.

ವರ್ಷಕ್ಕೊಮ್ಮೆ ಮಾತ್ರ

ಕೆಲವಕ್ಕೆ ವಾರವಲ್ಲ, ಪಂಚಾಂಗ ನೋಡಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ ವಿ.ವಿ. ಪುರಂ ಕಡೆ ಅವರೆಬೇಳೆ ಮೇಳ ನಡೆಯುತ್ತದೆ. ಅವರೆಬೇಳೆ ದೋಸೆಯಿಂದ ಹಿಡಿದು ಜಾಮೂನಿನವರೆಗೆ ಎಲ್ಲಾ ಅವರೆಯದೇ. ನಡೆಯುವ ಜಾಗ ಕೆಲವು ವರ್ಷ ಬದಲಾಗಿದೆ, ಕೇಳಿಕೊಂಡು ಹೋಗಿ. ರಂಜಾನ್ ತಿಂಗಳಲ್ಲಿ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಗೆ ಸೂರ್ಯ ಮುಳುಗಿದ ಮೇಲೆ ತಿನ್ನಲು ಹೋಗಿ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿ ಕೊಡುತ್ತದೆ. ಅವತ್ತು ರಾತ್ರಿಯೆಲ್ಲಾ ಪೇಟೆ ಎಚ್ಚರವಾಗಿರುತ್ತದೆ, ಮಧ್ಯರಾತ್ರಿಗೆ ಮುಂಚೆಯೇ ಜಾಗ ಹಿಡಿಯಬೇಕು. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸೋಮವಾರ ಸಂಜೆ ಅಲ್ಲಿ ಹೆಜ್ಜೆ ಇಡಲು ಆಗುವುದಿಲ್ಲ. ಹಿಂದಿನ ದಿನ ಬೆಳಿಗ್ಗೆಯೇ ಅಂಗಡಿಗಳು ಕೂತಿರುತ್ತವೆ, ಆಗ ಹೋದರೆ ಒಂದೆರಡು ಕಾಳು ಬಾಯಿಗೆ ಹಾಕಿ ನೋಡಿ, ಚೌಕಾಸಿ ಮಾಡಿ, ಹಸಿಕಾಯಿ, ಹುರಿದಕಾಯಿ ಎರಡನ್ನೂ ತರಬಹುದು. ಚೀಲ ಮನೆಯಿಂದಲೇ ಒಯ್ಯಿರಿ.